ಹೊಳೆಗಿಳಿದ ಶಿವಮಲ್ಲಮ್ಮ

ಗಂಡ ತೀರಿಕೊಂಡಾಗ ಶಿವಮಲ್ಲಮ್ಮನ ಪಾಲಿಗೆ ಉಳಿದದ್ದು ಹೊಳೆಯಾಚೆಯ ದನದ ದೊಡ್ಡಿಯೊಂದೇ. ದೊಡ್ಡಗಾಜನೂರಿನಿಂದ ಬೆಟ್ಟವಿಳಿದು ಮೋಯಾರು ದಾಟಿದರೆ ಕಾಡಿನ ಅಂಚಿಗೆ ಆ ದೊಡ್ಡಿ; ಕಾಯುವವನು ಜಡೆಸ್ವಾಮಿ. ಬೇಸಿಗೆಯಲ್ಲಿ ಹೊಳೆಯನ್ನು ನಡೆದೇ ದಾಟಬಹುದು. ಚಳಿಗಾಲದಲ್ಲಿ ಮೇಲೆ ನೀಲಗಿರಿಯಲ್ಲಿ ಮಳೆ ಹಿಡಿಯಿತೆಂದರೆ ಅದೇ ಹೊಳೆ ಬಂಡೆಗಳಿಗೆ ಬಡಿದು ಬೆಳ್ಳನೆ ನೊರೆಯೆದ್ದು ನುಗ್ಗುತ್ತದೆ. ಆಗ ಜನರನ್ನು ದಾಟಿಸುತ್ತಿದ್ದವನು ದೊಡ್ಡಮಾದ, ಬಿದಿರು ಹೆಣೆದು ಎಮ್ಮೆಯ ತೊಗಲು ಹೊದಿಸಿದ ದುಂಡನೆಯ ತೆಪ್ಪದಲ್ಲಿ. ಭಾಷಾವಾರು ರಾಜ್ಯಗಳಾಗಿ ಊರಿರುವ ತಾಳವಾಡಿ ಸೀಮೆ ಮದರಾಸಿನ ಕಡೆಗೇ ಉಳಿದ ಮರುವರ್ಷ ದೊಡ್ಡಮಾದ ಮರದಿಂದ ಬಿದ್ದು ಬಲಗೈ ಮುರಿದುಕೊಂಡ. ತೆಪ್ಪ ಅವನ ಗುಡಿಸಲಿನ ಗೋಡೆಗೆ ಒರಗಿತು.

ಶಿವಮಲ್ಲಮ್ಮನ ಬಾವ, ಗಂಡನ ಅಣ್ಣ ಮಹದೇವಪ್ಪ, ಇದಕ್ಕೇ ಕಾಯುತ್ತಿದ್ದ.

"ದನ ನಂಗ ಬುಟ್ಬುಡವ್ವ. ಇನ್ನು ಆ ಕಡೀಕ ಓಗೋರ್ಯಾರು? ನೀನು ಮನೇಲಿ ಪೂಜೆ ಮಾಡ್ಕಂಡು ಇರು."

"ನಾನೇ ಓಯ್ತೀನಿ, ಬಾವೋರೆ."

"ಎಂಗೆ? ಈಜ್ಕಂಡಾ?"

"ತೆಪ್ಪ ಆಕ್ಕಂಡು."

ಅಂದೇ ಅವಳು ದೊಡ್ಡಮಾದನ ಗುಡಿಸಲಿಗೆ ಹೋದಳು. ಅವನು ಹೆದರಿದ. "ಅವ್ವಾ, ನೀವು ಲಿಂಗ ಕಟ್ಟೋರು. ತೊಗಲು ಮುಟ್ಟುಸ್ದ ಅಂತ ನಿಮ್ಮೋರು ನನ್ನ ಸುಮ್ಕ ಬುಟ್ಟಾರಾ?"

"ನಿನ್ನ ಮ್ಯಾಲ ಕೈ ಮಾಡಾಕ ಬಂದ್ರ ನಾನು ಅಡ್ಡ ನಿಂತ್ಕತೀನಿ. ಕಲಿಸು ಮಾದಣ್ಣ."

ಹೊಳೆಗೆ ಇಳಿಯುವ ಮೊದಲು ನಿಂತ ನೀರಿನಲ್ಲಿ ಕಲಿಯಬೇಕು ಎಂದ ದೊಡ್ಡಮಾದ. ಮಾರ್ಗಶಿರದ ಬೆಳಗಿನ ಕೆರೆಯ ನೀರು ಮೂಳೆ ಕೊರೆಯುವಂತಿತ್ತು. ಸೀರೆಯನ್ನು ಕಚ್ಚೆ ಹಾಕಿ, ಕೊರಳ ಲಿಂಗದ ಕರಡಿಗೆಯನ್ನು ಎದೆಗೆ ಬಿಗಿದು ಕಟ್ಟಿಕೊಂಡು ಅವಳು ತೆಪ್ಪ ಹತ್ತಿದಳು. ತೆಪ್ಪ ನಿಂತಲ್ಲೇ ಗಿರಗಿರನೆ ಸುತ್ತಿತು. ಹುಟ್ಟನ್ನು ಪಕ್ಕದಲ್ಲಿ ಹಾಕಬಾರದು, ಮುಂದೆ ಹಾಕಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು ಎಂಬುದು ತೋಳಿಗೆ ಹತ್ತುವಷ್ಟರಲ್ಲಿ ಅಂಗೈ ಬೊಕ್ಕೆ ಎದ್ದಿತ್ತು.

ತೆಪ್ಪ ನೆಟ್ಟಗೆ ಹೋಗತೊಡಗಿದ ದಿನ ದೊಡ್ಡಮಾದ ದಡದಿಂದ ಕೂಗಿದ. "ಈಗ ಅದ್ನ ಮಗುಚಾಕಿ, ಅವ್ವಾ!"

"ಮಗುಚೋದಾ?"

"ಒಳೆ ನಿಮ್ಮನ್ನ ಕೇಳ್ಬುಟ್ಟು ಮಗುಚಲ್ಲ. ಇಲ್ಲೇ ಕಲ್ತ್ಕಳಿ."

ಅವಳು ತಾನಾಗಿಯೇ ಮಗುಚಿಕೊಂಡಳು. ಚಿಕ್ಕಂದಿನಲ್ಲಿ ಬಾವಿಯಲ್ಲಿ ಈಜಿದವಳಾದರೂ ಮೇಲೆ ತೆಪ್ಪ ಕವುಚಿಕೊಂಡಾಗ ಜೀವ ಹಾರಿದಂತಾಯಿತು. ಆಮೇಲೆ ತಿಳಿಯಿತು: ಕವುಚಿದ ತೆಪ್ಪದೊಳಗೂ ಉಸಿರಾಡುವಷ್ಟು ಗಾಳಿ ಇರುತ್ತದೆ. ಅಂಚು ಬಿಡಬಾರದು. ಹರಿವ ನೀರಿನಲ್ಲಾದರೆ ಕಾಲು ಮುಂದೆ ಮಾಡಿಕೊಂಡು ತೇಲಬೇಕು. ಬಂಡೆಗೆ ಬಡಿದರೆ ಕಾಲಿಗೆ ಬಡಿಯಲಿ, ತಲೆಗಲ್ಲ. ದಿನವೂ ಮಗುಚಿದಳು, ದಿನವೂ ಎತ್ತಿ ನಿಲ್ಲಿಸಿದಳು.

ಊರು ಇದನ್ನು ಸಹಿಸಲಿಲ್ಲ. ಚಾವಡಿಗೆ ಕರೆಸಿದರು. ಹಿರಿಯ ಬಸವಯ್ಯ ತೀರ್ಪಿನ ದನಿಯಲ್ಲಿ ಹೇಳಿದ. "ಲಿಂಗ ಕಟ್ಟಿರೋ ಎಂಗ್ಸು ತೊಗಲಿನ ಮ್ಯಾಲ ಕುಂತದೆ. ಶುದ್ಧಿ ಮಾಡುಸ್ಕಂಡು ಮನೆ ಸೇರ್ಕಳ್ಳಲಿ."

ಪಕ್ಕದಲ್ಲಿ ಮಹದೇವಪ್ಪ ತಲೆಯಾಡಿಸಿದ. ಶಿವಮಲ್ಲಮ್ಮ ಅವನ ಪಾದ ನೋಡಿದಳು.

"ಬಾವೋರೆ, ನಿಮ್ಮ ಕಾಲ್ನಾಗಿರೋ ಮೆಟ್ಟು ಬಾಳೆಪಟ್ಟೇಲಿ ಮಾಡಿದ್ದಾ?"

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. "ಶುದ್ಧಿ ನಂಗ ಬ್ಯಾಡ. ದೊಡ್ಡಮಾದ ಒಲ್ಲೆ ಅಂದ್ರೂ ಬುಡ್ದೆ ಕೇಳ್ಕಂಡೋಳು ನಾನು. ತಪ್ಪು ಅನ್ನೋದಾದ್ರ ನಂದೇ. ಅವುನ್ನ ಯಾರಾದ್ರೂ ಮುಟ್ಟುದ್ರ ನಾನಿಲ್ಲಿಂದ ಏಳಾಕಿಲ್ಲ."

ದೊಡ್ಡಮಾದನನ್ನು ಯಾರೂ ಮುಟ್ಟಲಿಲ್ಲ. ಆದರೆ ಅವಳ ಮನೆಯೊಂದಿಗೆ ಕೊಡುಕೊಳೆ ನಿಂತಿತು.

ಒಂದು ಮುಂಜಾನೆ, ಊರಲ್ಲೇ ಇರುವ ಜಡೆಸ್ವಾಮಿಯ ಹೆಂಡತಿ ಕುಳ್ಳಮ್ಮ ಏದುಸಿರು ಬಿಡುತ್ತ ಬಂದಳು. "ಅಕ್ಕಾ, ನಿಮ್ಮ ಬಾವೋರು ಅವ್ರ ಆಳು ಮಲ್ಲಪ್ಪನ್ನ ಕರ್ಕಂಡು ಒಳೆ ಕಡೀಕ ಓದ್ರು. ನೀರು ಕಮ್ಮಿ ಅದೆ, ದನ ಒಡ್ಕಂಡು ಬತ್ತೀನಿ ಅಂತಿದ್ರು."

ಶಿವಮಲ್ಲಮ್ಮ ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತು ಬೆಟ್ಟವಿಳಿದಳು. ಹಿಂದೆ ದೊಡ್ಡಮಾದ, ಕಂಕುಳಲ್ಲಿ ಹುಟ್ಟು.

ಹೊಳೆ ಕಾಣುವ ಮೊದಲೇ ಮೊರೆತ ಕೇಳಿತು. ಮೇಲಿನ ಮಳೆಯ ನೀರು ಬಂದುಬಿಟ್ಟಿತ್ತು. ಅರ್ಧ ದಾಟಿದ್ದ ದನಗಳು ಬೆದರಿ ಹಿಂದಕ್ಕೆ, ಆಚೆಯ ದಡಕ್ಕೆ ಓಡಿದ್ದವು. ಮಹದೇವಪ್ಪ ಮಾತ್ರ ನಡುಹೊಳೆಯ ಬಂಡೆಯೊಂದನ್ನು ತಬ್ಬಿ ಕೂತಿದ್ದ. ಈಚೆಯ ದಡದಲ್ಲಿ ಮಲ್ಲಪ್ಪ ಬಾಯಿ ಬಡಿದುಕೊಳ್ಳುತ್ತಿದ್ದ.

"ಅವ್ವಾ, ಇದು ಕೆರೆ ಅಲ್ಲ," ಎಂದ ದೊಡ್ಡಮಾದ.

"ಗೊತ್ತು. ಉಟ್ಟು ಕೊಡು."

ಬಂಡೆಗಿಂತ ಬಹಳ ಮೇಲಿನಿಂದ ತೆಪ್ಪ ನೂಕಿದಳು. ಹುಟ್ಟನ್ನು ಹಗ್ಗದಿಂದ ತೆಪ್ಪಕ್ಕೆ ಕಟ್ಟಿದ್ದಳು. ಮೊದಲ ಇಳಿಜಾರಿನಲ್ಲೇ ನೊರೆ ಮೇಲೆದ್ದು ತೆಪ್ಪವನ್ನು ಮಗುಚಿತು. ಕತ್ತಲು, ಚಳಿ, ಕಿವಿ ತುಂಬ ಮೊರೆತ. ಕೈ ಅಂಚು ಬಿಡಲಿಲ್ಲ. ಒಳಗಿನ ಗಾಳಿಯನ್ನು ಒಂದು ಸಲ ಎಳೆದುಕೊಂಡು ಹೊರಗೆ ಬಂದಳು, ಕಾಲು ಮುಂದೆ ಚಾಚಿದಳು. ಕಲ್ಲೊಂದು ಹಿಮ್ಮಡಿಗೆ ಬಡಿಯಿತು. ಅದರ ಹಿಂದೆ ನೀರು ಸುಮ್ಮನಿತ್ತು. ಅಲ್ಲಿ ನೆಲ ಸಿಕ್ಕಿತು. ತೆಪ್ಪ ಎತ್ತಿ ನೀರು ಸುರಿದು ಮತ್ತೆ ಹತ್ತಿದಳು. ಹೆದರಿಕೆಯ ಜಾಗದಲ್ಲಿ ಈಗ ಸಿಟ್ಟು ಕೂತಿತ್ತು. ಬಾವನ ಮೇಲೋ, ಹೊಳೆಯ ಮೇಲೋ, ಅವಳಿಗೇ ತಿಳಿಯದು.

ಮಹದೇವಪ್ಪನ ಬಂಡೆಯ ಮರೆಗೆ ತೆಪ್ಪ ತಂದು ಹಿಡಿದಳು. ಅವನ ತುಟಿ ನೀಲಿಗಟ್ಟಿತ್ತು. ಆದರೂ ತೆಪ್ಪ ನೋಡಿ ಒಂದು ಗಳಿಗೆ ತಡೆದ.

"ತೊಗಲು ಕಣಿ, ಬಾವೋರೆ. ಬ್ಯಾಡ ಅಂದ್ರ ಬುಡಿ, ನಾನು ದೊಡ್ಡಿಗ ಓಯ್ತೀನಿ."

ಅವನು ತೆವಳಿಕೊಂಡು ಬಂದು ತೆಪ್ಪದ ನಡುವೆ ಕೂತ. ಅವಳು ಹುಟ್ಟುಹಾಕಿದ್ದು ಆಚೆಯ ದಡದ ಕಡೆಗೆ.

"ಎಲ್ಲಿಗವ್ವ? ಊರು ಈ ಕಡೀಕದೆ!"

"ಮೊದ್ಲು ನನ್ ದನ ನೋಡ್ಬೇಕು. ಅಲ್ಲಾಡ್ಬ್ಯಾಡಿ."

ದೊಡ್ಡಿಯಲ್ಲಿ ಜಡೆಸ್ವಾಮಿ ಬೆಂಕಿ ಹಾಕಿ, ಬಿಸಿ ಅಂಬಲಿ ಕೊಟ್ಟ. ಮಹದೇವಪ್ಪನ ನಡುಕ ನಿಂತ ಮೇಲೆ ಶಿವಮಲ್ಲಮ್ಮ ಕೇಳಿದಳು. "ದನ ಯಾರವು ಅಂತ ಇವುನ ಮುಂದ ಒಂದ್ಸಲ ಯೋಳ್ಬುಡಿ, ಬಾವೋರೆ."

ಅವನು ಬೆಂಕಿಯನ್ನೇ ನೋಡುತ್ತ ಹೇಳಿದ. "ನಿನ್ವೇ."

ಮರುದಿನ ನೀರಿಳಿದಾಗ ಅವನನ್ನು ಈಚೆಗೆ ತಂದು ಬಿಟ್ಟಳು. ಅವಳಿಗೆ ಶುದ್ಧಿ ಎಂದರೆ ಈಗ ಅದೇ ತೊಗಲಿನ ಮೇಲೆ ಕೂತು ಬಂದ ಅವನಿಗೂ ಶುದ್ಧಿ; ಚಾವಡಿ ಆ ಮಾತನ್ನೇ ಬಿಟ್ಟಿತು. ಕೊಡುಕೊಳೆ ತಾನಾಗಿ ಶುರುವಾಯಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ದೊಡ್ಡಮಾದನ ಕೈ ಮತ್ತೆ ನೆಟ್ಟಗಾಗಲಿಲ್ಲ. ಆಮೇಲಿನ ಚಳಿಗಾಲಗಳಲ್ಲಿ ಯಾರು ಬಂದರೂ, ಯಾವ ಜಾತಿಯವರಾದರೂ, ದಾಟಿಸಿದ್ದು ಶಿವಮಲ್ಲಮ್ಮನೇ. ಊರಿನ ಕೆಲವರು ಅವಳನ್ನು 'ತೆಪ್ಪದ ಮಲ್ಲಿ' ಎಂದು ಹಳಿದರು. ಹೊಳೆಯ ದಡದಲ್ಲಿ ನಿಂತು ಯಾರಾದರೂ ಆ ಹೆಸರಿನಿಂದಲೇ ಕೂಗಿದರೆ ಅವಳು ಗಟ್ಟಿಯಾಗಿ "ಓ" ಎನ್ನುತ್ತಿದ್ದಳು.