ಜಗಳ ಆಡಿಸುವ ಮೇಷ್ಟ್ರು

ಮೊನ್ನೆ ಚನ್ನಗಿರಿಯಲ್ಲಿ ಮೊಮ್ಮಗನ ಶಾಲೆಯ ವಾರ್ಷಿಕೋತ್ಸವ. ಅವನಿಗೆ ಮೀಸೆ ಅಂಟಿಸುತ್ತಿದ್ದ ಗೋಂದಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ನಾಟಕದ ಮೇಷ್ಟ್ರು ನೆನಪಾದರು… ಬಾಯಿ ತುಂಬ ಎಲೆಯಡಿಕೆ, ಹೆಗಲಿಗೆ ಹಾರ್ಮೋನಿಯಂ ಪೆಟ್ಟಿಗೆ.

ಅವರು ನಮ್ಮಲ್ಲಿಗೆ ಬಂದ ವರ್ಷ ಪಂಚಾಯ್ತಿ ಚುನಾವಣೆಯ ನೆಪದಲ್ಲಿ, ಬಸವಾಪಟ್ಟಣದ ಹತ್ತಿರದ ನಮ್ಮೂರಿನ ಮೇಲಿನ ಬೀದಿಯ ನಾವೂ ಕೆಳಗಿನ ಬೀದಿಯವರೂ ದೊಣ್ಣೆ ಹಿಡಿದು ಬಡಿದಾಡಿದ್ದೆವು. ಕೇಸು ಮುಗಿದರೂ ಮಾತು ಶುರುವಾಗಿರಲಿಲ್ಲ. ಕೆಳಗಿನ ಬೀದಿಗೆ ಕೊಟ್ಟಿದ್ದ ನನ್ನ ಅಕ್ಕ ತವರಿನ ಹೊಸಿಲು ತುಳಿಯುವಂತಿರಲಿಲ್ಲ. ಅವ್ವ ದಿನಾ ಕಣ್ಣೀರು ಹಾಕುತ್ತಿದ್ದಳು.

ಅಂಥ ಊರಿಗೆ ಹಿರಿಯರು ಪೌರಾಣಿಕ ನಾಟಕ ಕಲಿಸಲು ಮೇಷ್ಟ್ರನ್ನು ಕರೆತಂದರು. "ನಾನು ಜಗಳೂರಿನೋನು ಕಣ್ರಪ್ಪಾ. ಜಗಳ ಬಿಡ್ಸಾಕೆ ಬರಲ್ಲ, ಆಡ್ಸಾಕೆ ಬರ್ತೈತೆ" ಎಂದು ಮೊದಲ ದಿನವೇ ನಕ್ಕರು. ಪಾರ್ಟು ಹಂಚಿದ್ದು ಕೇಳಿ ಊರೇ ಬೆಚ್ಚಿತು. ಗದಾಯುದ್ಧದಲ್ಲಿ ಗೆಲ್ಲುವವನು ನಾನು. ತೊಡೆ ಮುರಿದುಕೊಂಡು ಸಾಯುವ ರಾಜ ನನ್ನ ಭಾವ!

"ಬೆಂಕಿಗೆ ತುಪ್ಪ ಸುರೀತೀರಲ್ರೀ ಮೇಷ್ಟ್ರೇ" ಎಂದು ನಮ್ಮ ಚಿಕ್ಕಪ್ಪ ಕೂಗಾಡಿದ. ಮೇಷ್ಟ್ರು ಕೇಳಿಸದವರಂತೆ ಶ್ರುತಿ ಹಿಡಿದು ಕೂತರು. ತಾಲೀಮಿನಲ್ಲಿ ಭಾವನೂ ನಾನೂ ಪಾರ್ಟಿನ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಬೈಗುಳದ ಮಾತುಗಳಂತೂ ಬೇಗ ಬಾಯಿಪಾಠವಾದವು.

ನಾಟಕದಲ್ಲಿ ಗದಾಯುದ್ಧ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಎರಡು ಬೀದಿಯವರೂ ಬೇರೆ ಬೇರೆ ಕೂತಿದ್ದರು. ನನ್ನ ಏಟಿಗೆ ಭಾವ ಬಿದ್ದ, ಬಿದ್ದಲ್ಲೇ ಹಾಡಿದ. ಎಂಥ ಹಾಡು ಅದು! ಹಾಡಿ ಪ್ರಾಣ ಬಿಟ್ಟ. ಇನ್ನು ಕಲ್ಲು ಬೀಳುತ್ತವೆ ಎಂದು ನಾನು ಗದೆಯನ್ನು ತಲೆಗೆ ಅಡ್ಡ ಹಿಡಿದೆ. ಆಗ ನಮ್ಮ ಬೀದಿಯ ಕಡೆಯಿಂದ, ಆ ಚಿಕ್ಕಪ್ಪನೇ, "ಒನ್ಸ್ ಮೋರ್!" ಎಂದು ಕೂಗಿದ.

ಒನ್ಸ್ ಮೋರ್ ಬಂದರೆ ಸತ್ತವನೂ ಏಳಲೇಬೇಕು; ನಮ್ಮ ಕಡೆ ನಾಟಕದ ಕಾನೂನೇ ಅದು. ಮೇಷ್ಟ್ರು ಮತ್ತೆ ಯುದ್ಧದ ಮಟ್ಟು ನುಡಿಸಿದರು. ಭಾವ ಎದ್ದು ತೊಡೆ ಸವರಿಕೊಳ್ಳುತ್ತಾ ಪಿಸುಗುಟ್ಟಿದ: "ಈ ಸಲ ಮೆತ್ತಗೆ ಹೊಡಿಯೋ ಭಾಮೈದ, ನಿಮ್ಮಕ್ಕ ಎದುರಿಗೇ ಕುಂತಾಳೆ."

ತಲೆಯ ಮೇಲೆ ಮೈಕು ತೂಗುತ್ತಿದ್ದುದನ್ನು ಪುಣ್ಯಾತ್ಮ ಮರೆತಿದ್ದ. ಊರಿಗೆ ಊರೇ ಕೇಳಿಸಿಕೊಂಡಿತು. ನಗು ಶುರುವಾದದ್ದು ಯಾವ ಬೀದಿಯಿಂದಲೋ… ಆ ಬೆಳಿಗ್ಗೆ ಉಪ್ಪಿಟ್ಟು ತಿನ್ನಲು ಅಕ್ಕ, ಭಾವ ನಮ್ಮ ಮನೆಗೇ ಬಂದರು. ಭಾವ ಕಿರೀಟವನ್ನೂ ತೆಗೆದಿರಲಿಲ್ಲ.

ಈಗ ಅಕ್ಕನ ಮಗನಿಗೆ ನನ್ನ ಕಿರಿಮಗಳನ್ನು ಕೊಡುತ್ತಿದ್ದೇವೆ. ಮೊದಲ ಲಗ್ನಪತ್ರಿಕೆ ಮೇಷ್ಟ್ರಿಗೇ ಎಂದು ಯಾವತ್ತೋ ಮಾತಾಡಿಕೊಂಡಿದ್ದೆವು. ಅವರು ಹೋದ ವರ್ಷ ತೀರಿಕೊಂಡರು. ಆದರೂ ಭಾವನೂ ನಾನೂ ಪತ್ರಿಕೆ ಹಿಡಿದು ಜಗಳೂರಿನ ಬಸ್ಸು ಹತ್ತಿದೆವು.

ಅವರ ಹೆಂಡತಿ ಅದನ್ನು ಫೋಟೋದ ಮುಂದಿಟ್ಟು ನಮ್ಮತ್ತ ತಿರುಗಿದರು. "ಮದುವೇಲಿ ನೀವು ಬೀಗರು ಜಗಳಕ್ಕೆ ಬಿದ್ರೆ ಹೆಂಗೆ ಮಾಡ್ತೀರಪ್ಪಾ? ಅವ್ರಿಲ್ಲವಲ್ಲ ಈಗ."

ನಾವು ನಗಲೆಂದೇ ಹಾಗೆ ಕೇಳಿದ್ದು. ಭಾವ ನಗಲು ಹೋಗಿ ಅತ್ತುಬಿಟ್ಟ.