ದೇವಾಪುರದ ಸೊಟ್ಟ ಕಾಲುವೆ

ನಿಜಾಮರ ಆಳ್ವಿಕೆ ಮುಗಿದ ಹೊಸದರಲ್ಲಿ ನಾನು ದೇವಾಪುರದ ಕೆರೆಯಿಂದ ಹೊಲಗಳಿಗೆ ಕಾಲುವೆ ತೋಡಿಸುವ ಮೇಸ್ತ್ರಿಯಾಗಿದ್ದೆ. ಸುಣ್ಣದ ಗೆರೆ ಎಳೆದು, ಆಳಿಗೆ ಹತ್ತು ಮೊಳದಂತೆ ಪಾಲು ಹಂಚುತ್ತಿದ್ದೆ. ಒಂದು ಸಂಜೆ ಹೋಗಿ ನೋಡಿದರೆ, ಕೂಲಿಗೆ ಬಂದಿದ್ದ ಕುರಿ ಕಾಯುವ ಮುದುಕ ಭೀಮಣ್ಣ ಮುತ್ಯಾ ತನ್ನ ಪಾಲನ್ನು ಗೆರೆ ಬಿಟ್ಟು, ಹಾವು ಹರಿದಂತೆ ತೋಡಿದ್ದ. ನನಗೆ ಪಿತ್ತ ನೆತ್ತಿಗೇರಿತು.

"ಮುತ್ಯಾ, ಕಣ್ಣು ಕಾಣಂಗಿಲ್ಲೇನು? ಗೆರಿ ಎಲ್ಲೈತಿ, ನೀ ಎಲ್ಲಿ ತೋಡಿದಿ?"

ಅವನು ಸಲಿಕೆ ಕೆಳಗಿಟ್ಟು, ತನ್ನ ಕೆಲಸವನ್ನು ಆಗಷ್ಟೇ ಕಂಡವನಂತೆ ನಿಂತ.

"ತಪ್ಪಾತ್ರಿ ಸಾಹೇಬ್ರ. ಕೈ ತಾವೇ ತಿರುಗ್ಯಾವ. ಹರೇದಾಗ ಮೊದಲನೇ ಜರ್ಮನ್ ಲಡಾಯಿಗಿ ಹೋದಾಗ ಕಂದಕ ಹಿಂಗ ತೋಡಸ್ತಿದ್ರು. ತಿರುವು ಇದ್ರ, ಒಂದು ತುದಿಗಿ ನಿಂತು ಹೊಡದ ಗುಂಡು ಎಲ್ಲಾರಿಗೂ ಬಡಿಯಂಗಿಲ್ಲ."

"ಅದಕ್ಕ ನೀ ಉಳದಿ."

"ಹೌದ್ರಿ. ನಾ ತಿರುವಿನ ಈಚಿ ಇದ್ದೆ. ನನ್ನ ತಮ್ಮ ನಿಂತಿದ್ದ ಕಡಿ ನೆಟ್ಟಗಿತ್ತು. ಮೊಣಕಾಲ ಮಟ ಕೆಸರು, ಗುಂಡು ಬಂದಾಗ ಯಾರಿಗೂ ಓಡಾಕ ಆಗಲಿಲ್ಲ. ಮರುದಿನ ಅದೇ ಕಂದಕಕ್ಕ ಮಣ್ಣು ಎಳದು ಅಷ್ಟೂ ಮಂದೀನ ಮುಚ್ಚಿದ್ವಿ."

ಕೆಳಗಿಟ್ಟ ಸಲಿಕೆ ಎತ್ತಿಕೊಂಡು, ಮೆಲ್ಲಗೆ ಅಂದ: "ಅದನ್ನ ನೆಟ್ಟಗ ತೋಡಿದಾಂವ ನಾನೇ ರೀ. ದಣಿವಾಗಿತ್ತು. ತಿರುವು ನಾಳಿ ತೋಡಿದ್ರಾತು ಅಂದಿದ್ದೆ."

'ಮಣ್ಣು ಮುಚ್ಚಿ ಮತ್ತೆ ತೋಡು' ಅನ್ನುವ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ನುಂಗಿಕೊಂಡೆ.

ತಪಾಸಣೆಗೆ ಬಂದ ಎಂಜಿನಿಯರ್ ಸಾಹೇಬರು ಇಲ್ಲಿ ಸೊಟ್ಟ ಯಾಕೆ ಎಂದು ಕೇಳಿದರು. ಬಂಡೆ ಅಡ್ಡ ಬಂತು ಅಂದೆ. ಆ ಕರಿಮಣ್ಣಿನ ಎರೆಹೊಲದಲ್ಲಿ ಎಷ್ಟು ಅಗೆದರೂ ಒಂದು ಹಿಡಿಗಲ್ಲು ಸಿಗುವುದಿಲ್ಲ. ಸಾಹೇಬರು ಬಂಡೆಗಳ ಊರಾದ ಹೈದರಾಬಾದಿನವರು, ನಂಬಿದರು.