ಕೌದಿಯ ನಾಲ್ಕನೆಯ ಮೂಲೆ

ಈ ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಕೌದಿಯ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಬೈಯಲು ಹೊರಟವನು ಮೂಲೆಯನ್ನು ಮೂಗಿನ ಹತ್ತಿರ ತಂದೆ. ಹರಿದಲ್ಲಿಂದ ಹಳೆಯ ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ಅಥವಾ ಅದರ ನೆನಪು. ಎರಡಕ್ಕೂ ಇರುವ ಭೇದದ ಬಗ್ಗೆ ನಾನು ಅರ್ಧ ಗಂಟೆ ವಾದಿಸಬಲ್ಲೆ. ಸದ್ಯಕ್ಕೆ ನಿಮಗೆ ಆ ಕಷ್ಟ ಬೇಡ.

ಇದು ಆದಿವಾಲದ ದೊಡ್ಡಮ್ಮ ಹೊಲಿದದ್ದು. ಮಗಳು ಗೌರಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ದೊಡ್ಡಮ್ಮ ಅವಳ ಸೀರೆಗಳನ್ನು ಒಂದರ ಮೇಲೊಂದು ಹಾಸಿಕೊಂಡು ಹೊಲಿಯುತ್ತ ಕೂತುಬಿಟ್ಟಳು. ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಗೌರಿ. ಈಗ ಒಲೆಯೇ ಹೊತ್ತುತ್ತಿರಲಿಲ್ಲ. ನೆರೆಯವರು ಕೊಟ್ಟ ಮಜ್ಜಿಗೆಯಲ್ಲೇ ದಿನ ಕಳೆಯುತ್ತಿತ್ತು. 'ಎರಡು ತುತ್ತು ಉಣಿಸಿ ಬಾ' ಎಂದು ಅವ್ವ ನನ್ನನ್ನು ಕಳಿಸಿದಳು. ದುರ್ಗದ ಶಾಲೆಯ ಚರ್ಚಾಕೂಟದಲ್ಲಿ ಎರಡು ಸಲ ಗೆದ್ದವನು ನಾನು. ಹಸಿವನ್ನೂ ವಾದದಿಂದ ಹುಟ್ಟಿಸಬಹುದೆಂದು ನಂಬಿದ್ದೆ.

ಬೇವಿನ ನೆರಳು ಅಂಗಳದಲ್ಲಿ ಸರಿಯುತ್ತಿತ್ತು. ಗೌರಿಯ ಹಸಿರು ಸೀರೆಯಲ್ಲಿ ಸೂಜಿ ಮುಳುಗುತ್ತಿತ್ತು, ಏಳುತ್ತಿತ್ತು. ನೋಡುತ್ತ ನೋಡುತ್ತ ನನಗೇ ಮಂಪರು ಕವಿಯುತ್ತಿತ್ತು. ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದು ಹಾಗೇ ಬಾಯಿ ತೆರೆದಿತ್ತು.

"ಇದೊಂದು ಯಾಕೆ ಬಿಟ್ಟೆ?"

"ಅದರೊಳಗೆ ರೊಟ್ಟಿ ಚೂರು ಇಡಬೇಕು ಕಣಪ್ಪ. ಕೌದಿ ಹಸ್ಕಂಡಿರಬಾರದು. ಹೊಲಿದೋಳೇ ಸುಟ್ಟ ರೊಟ್ಟಿ ಆಗ್ಬೇಕು."

"ಬಟ್ಟೆಗೆ ಹೊಟ್ಟೆ ಎಲ್ಲೈತೆ ದೊಡ್ಡಮ್ಮ? ಇಲಿ ಬರ್ತಾವೆ, ಅಷ್ಟೆ."

"ನಿನ್ನ ಬಾಯಿಗೆ ಬಿಡುವೆಲ್ಲೈತೆ, ಅದ ಹೇಳು."

ಅವಳು ನೀರಿಗೆ ಹೋದಾಗ ನಾನೇ ಸೂಜಿ ಹಿಡಿದೆ. ಕೌದಿ ಮುಗಿದರೆ ಅವಳು ಎದ್ದು ಉಣ್ಣುತ್ತಾಳೆ ಎಂಬುದು ನನ್ನ ತರ್ಕ. ಬೆರಳಿಗೆ ಮೂರು ಕಡೆ ಚುಚ್ಚಿಕೊಂಡು, ಕೋಳಿ ಕೆದರಿದಂಥ ಹೊಲಿಗೆಯಲ್ಲಿ ಮೂಲೆ ಮುಚ್ಚಿದೆ.

ಬಂದವಳು ಬಿಂದಿಗೆ ಇಳಿಸಿ ನೋಡಿದಳು. ಬೈಯಲಿಲ್ಲ.

"ಬರಿ ಹೊಟ್ಟೇಲಿ ಮುಚ್ಚಿಬಿಟ್ಯೇನಪ್ಪ, ನನ್ನ ಗೌರೀನ?"

ನನ್ನ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿದಳು. ಹಿಟ್ಟಿನ ಮಡಕೆಗೆ ಕೈ ಹಾಕಿದಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳಿತು. ಮೊದಲ ರೊಟ್ಟಿಯ ಚೂರೊಂದನ್ನು ಕೌದಿಯೊಳಗಿಟ್ಟು ಮೂಲೆ ಹೊಲಿದಳು. ಉಳಿದದ್ದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮುರಿದು ಬಾಯಿಗಿಟ್ಟಳು.

"ಅವಳಿಗೆ ಹಾಕಿ ನಾನು ಉಪಾಸ ಕುಂತ್ರೆ, ಅವಳು ಉಣ್ತಾಳೇನೋ?"

ನನ್ನ ಮುಂದೆಯೂ ಒಂದು ರೊಟ್ಟಿ ಬಂದು ಬಿತ್ತು.

ಓದಲು ಮೈಸೂರಿಗೆ ಹೊರಟಾಗ ಈ ಕೌದಿಯನ್ನು ನನಗೇ ಹೊದಿಸಿ ಕಳಿಸಿದಳು. ಹೋದ ವರ್ಷ ಅವಳೂ ಹೋದಳು. ಇಂದು ಅದೇ ಮೂಲೆಗೆ ಇಲಿ ಬಂದಿದೆ. ವಾದ ನಾನೇ ಗೆದ್ದಂತಾಯಿತು. ಆದರೆ ಯಾರಿಗೆ ಹೇಳಲಿ?

ಸೂಜಿ ಪೋಣಿಸಿಟ್ಟು ಹಾಸ್ಟೆಲಿನ ಅಡುಗೆಮನೆಗೆ ಹೋದೆ. ಹೊಲಿದವರೇ ಸುಡಬೇಕಲ್ಲ. ಅಡುಗೆಯವರನ್ನು ಒಂದು ಹಿಡಿ ಹಿಟ್ಟು ಕೇಳಿದೆ.

"ಇಷ್ಟು ಬೇಗ ಹಸಿವೇ?" ಎಂದರು.

"ನನಗಲ್ಲ," ಎಂದು ಅಂಗಿಯ ತೋಳು ಮಡಿಚಿ, ತಟ್ಟಲು ಕೂತೆ.